ಔಡಲ ಎಲೆಗೆ ಸಾಕ್ಷಿಯಾದ ನನ್ನ ಕುತ್ತಿಗೆ

ಕುತ್ತಿಗೆಗೆ ಗಡ್ಡೆ ಎದ್ದರೆ ದವಾಖಾನೆಯ ನೆನಪೇ ಬಾರದ ಕಾಲ ಅದು. ಗೋಗಿಯ ನಮ್ಮ ಓಣಿಯವರೆಲ್ಲ ಬರುತ್ತಿದ್ದುದು ನಮ್ಮ ಹಿತ್ತಲಿನ ಔಡಲ ಗಿಡಕ್ಕೆ, ಅದರ ಒಡತಿಯಾದ ನಮ್ಮ ಆಯಿಯ ಬಳಿಗೆ. ಆಯಿ ಎಂದರೆ ಅಪ್ಪನ ತಾಯಿ; ಬಾಯಿ ಜೋರು, ಕೈ ಮೆತ್ತಗೆ.

ಆ ಬೇಸಿಗೆ ನನ್ನ ತಲೆಯಲ್ಲಿ ಹುಣ್ಣೆದ್ದು ಕಿವಿಯ ಹಿಂದೆ ಹುಣಸೆಬೀಜದಷ್ಟು ಗಡ್ಡೆ ಕಟ್ಟಿತು. ಆಯಿ ಔಡಲ ಎಲೆಗೆ ಎಣ್ಣೆ ಸವರಿ, ರೊಟ್ಟಿ ಬೇಯಿಸಿದ ಹಂಚಿನ ಮೇಲೆ ಬಾಡಿಸಿ, ಬಿಸಿಬಿಸಿ ಕಟ್ಟಿದಳು. ಬಾಡಿದ ಎಲೆಯ ಘಾಟು, ಜೋಳದ ರೊಟ್ಟಿಯ ವಾಸನೆ, ಎರಡೂ ಕೂಡಿದ್ದೇ ನನಗೆ ಇಂದಿಗೂ ಬೇಸಿಗೆ. ಕೆಲವು ದಿನಗಳಲ್ಲಿ ಹುಣ್ಣು ಒಣಗಿತು, ಗಡ್ಡೆಯೂ ಇಳಿಯಿತು. ಆಯಿಯ ಹೆಮ್ಮೆ ಕೇಳಬೇಡಿ. ಬಂದವರ ಮುಂದೆಲ್ಲ ನನ್ನ ಜಡೆ ಎತ್ತುವುದೇ ಕೆಲಸ.

“ನೋಡ್ರಿ, ಇಲ್ಲೇ ಇತ್ತು. ಈಗ ಎಲ್ಲದ?”

ನಾನೂ ಬೀಗುತ್ತ ಕತ್ತು ಚಾಚಿ ನಿಲ್ಲುತ್ತಿದ್ದೆ.

ಪಕ್ಕದ ಮನೆಯ ನಿಂಗಿ ನನ್ನ ಜೀವದ ಗೆಳತಿ. ಅವಳ ಅವ್ವ, ಅಪ್ಪ ಕುರಿ ಮೇಯಿಸಲು ದೂರ ಹೋಗುವಾಗ ಅವಳನ್ನು ಆಯಿಯ ಉಡಿಗೆ ಹಾಕಿ ಹೋಗಿದ್ದರು. ಅವಳ ಕುತ್ತಿಗೆಗೂ ಗಡ್ಡೆ ಎದ್ದಿತು. ಅದೇ ಎಲೆ, ಅದೇ ಎಣ್ಣೆ. ಇಳಿಯಲಿಲ್ಲ. ಅರಿಶಿನ ಹಚ್ಚಿ, ಲಕ್ಕಿ ಸೊಪ್ಪಿನ ಶಾಖ ಕೊಟ್ಟರೂ ಒಂದಿದ್ದದ್ದು ಎರಡಾಯಿತು. ನೋವಿಲ್ಲವಲ್ಲ ಎಂದು ಎಲ್ಲರಿಗೂ ಸಮಾಧಾನ. ಆದರೆ ಕಲ್ಲಾಟದಲ್ಲಿ ಎಂದೂ ಸೋಲದ ನಿಂಗಿ ನಡುವೆಯೇ ಆಟ ಬಿಟ್ಟು ಗೋಡೆಗೊರಗತೊಡಗಿದಳು. ಸಂಜೆಯಾದರೆ ಮೈ ಬಿಸಿ. ನನಗೆ ಭಯವಾಯಿತು. ಆಯಿಗೆ ನನಗಿಂತ ಹೆಚ್ಚು. ಒಪ್ಪಿಸಿ ಹೋದ ಕೂಸಿಗೆ ಏನಾದರೂ ಆದರೆ ಹೆತ್ತವರಿಗೆ ಯಾವ ಮುಖ ತೋರಿಸುವುದು?

ಆಯಿ ನಿಂಗಿಯನ್ನು ಕರೆದುಕೊಂಡು ಶಹಾಪುರದ ಬಸ್ಸು ಹತ್ತಿದಳು. ಸಾಕ್ಷಿಗಿರಲಿ ಎಂದು ನನ್ನನ್ನೂ ಎಳೆದುಕೊಂಡು ಹೋದಳು. ಡಾಕ್ಟರ ಮುಂದೆಯೂ ನನ್ನ ಜಡೆ ಎತ್ತಿದಳು.

“ಈಕೀದು ನನ್ನ ಎಲಿಗೇ ಇಳದದರಿ. ನಿಂಗೀದ್ಯಾಕ ಇಳೀವಲ್ದು?”

“ಈ ಹುಡುಗಿ ತಲ್ಯಾಗ ಹುಣ್ಣಿತ್ತೇನು?” ಎಂದರು ಡಾಕ್ಟರು.

“ಇತ್ರಿ.”

“ಹುಣ್ಣು ಮಾಯ್ತು, ಗಡ್ಡಿ ತಾನ ಇಳೀತು. ಎಲಿ ಕಟ್ಟದಿದ್ರೂ ಇಳೀತಿತ್ತು ಅಮ್ಮಾ. ನಿಂಗಿ ಗಡ್ಡಿ ಬ್ಯಾರೆ ಅದ, ಪರೀಕ್ಷೆ ಮಾಡಸಬೇಕು.”

ಪರೀಕ್ಷೆಯಲ್ಲಿ ಗಡ್ಡೆಯ ಕ್ಷಯವೆಂದು ಬಂತು. ಸುದ್ದಿ ತಿಳಿದು ಓಡಿಬಂದ ನಿಂಗಿಯ ಅವ್ವನ ಕೈ ಹಿಡಿದು ಆಯಿ ಓಣಿಯ ನಡುವೆಯೇ ಅತ್ತಳು.

“ನನ್ನ ಎಲಿ ನಂಬಿ ತಡ ಮಾಡೀನವ್ವ. ನನ್ನಿಂದ ತಪ್ಪಾತು.”

ತಿಂಗಳುಗಟ್ಟಲೆ ತಾನೇ ನಿಂತು ಗುಳಿಗೆ ನುಂಗಿಸಿದಳು, ಮೇಲೊಂದು ಚೂರು ಬೆಲ್ಲ ಕೊಟ್ಟು. ನಿಂಗಿ ಗುಣವಾದಳು, ಈಗ ಹುಣಸಗಿಯಲ್ಲಿ ಮೊಮ್ಮಕ್ಕಳ ಹಿಂದೆ ಓಡಾಡುತ್ತಿದ್ದಾಳೆ.

ಅಂದಿನಿಂದ ಎಲೆ ಕೇಳಿ ಬಂದವರಿಗೆ ತೋರಿಸಲು ಆಯಿ ನನ್ನನ್ನು ಕರೆಯಲಿಲ್ಲ. ನಿಂಗಿಯನ್ನು ಕರೆದು ಮುಂದೆ ನಿಲ್ಲಿಸುತ್ತಿದ್ದಳು.

“ಈಕಿಗಿ ನನ್ನ ಎಲಿ ಹತ್ತಲಿಲ್ಲ. ಮೊದಲ ಡಾಕ್ಟರಿಗೆ ತೋರ್ಸಿ ಬರ್ರಿ, ಆಮ್ಯಾಲ ಬೇಕಾದ್ರ ಎಲಿ ಒಯ್ರಿ.”

ಆಯಿ ಹೋಗಿ ಎಷ್ಟೋ ಕಾಲವಾಯಿತು. ಈಗ ಮೊಬೈಲ್ ತೆರೆದರೆ ಸಾಕು, ಗಡ್ಡೆ ಇಳಿಸಿದ ಎಲೆ ಬೇರುಗಳ ಕಥೆ ದಿನಕ್ಕೊಂದು ಬರುತ್ತದೆ. ಇಳಿಯದ ಗಡ್ಡೆಯ ಕಥೆ ಹೇಳುವವರು ಮಾತ್ರ ಯಾರೂ ಇಲ್ಲ.