ಹೆಗ್ಗಣದ ಕುಲ ಕೇಳಲು ಹೋಗಿ

ಚಿತ್ರದುರ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಲು ಸೇರಿದಾಗಿನಿಂದಲೂ ನಮ್ಮ ವಿಭಾಗದ ಮುಖ್ಯಸ್ಥರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವರೆಂದರೆ ಅಷ್ಟಕ್ಕಷ್ಟೆ. ಜಗಳ ಹುಟ್ಟಿದ್ದು ಹೆಗ್ಗಣದಿಂದ.

ಹಿರಿಯೂರಿನ ಎರೆ ಹೊಲಗಳಲ್ಲಿ ಬಿಲ ತೋಡುವ ಹೆಗ್ಗಣ ಬೇರೆಲ್ಲೂ ಇಲ್ಲದ ಪ್ರಭೇದ ಎಂದು ಅವರು ವಯಸ್ಸಿನಲ್ಲಿದ್ದಾಗ ಬರೆದು, ಅದಕ್ಕೆ ತಮ್ಮೂರಾದ ಹಿರಿಯೂರಿನ ಹೆಸರನ್ನೇ ಇಟ್ಟಿದ್ದರು. ತಲೆಬುರುಡೆ ಕಿರಿದು, ಹಲ್ಲು ಸಣ್ಣದು ಎಂಬುದಷ್ಟೇ ಆಧಾರ. ನನಗೋ ಅದು ಹೊಲದ ಮಾಮೂಲಿ ಹೆಗ್ಗಣವೇ ಅನ್ನಿಸುತ್ತಿತ್ತು. ಅವರು ಕಾದಿಟ್ಟಿದ್ದ ಬುರುಡೆಯ ಮಾದರಿಗಳನ್ನು ಒಮ್ಮೆ ನೋಡಬಹುದೇ ಎಂದು ಕೇಳಿದೆ. "ಅವನ್ನ ಮುಟ್ಟಂಗಿಲ್ಲ," ಎಂದವರೇ ಬೀರುವಿಗೆ ಬೀಗ ಜಡಿದರು.

ಸರಿ, ನಾನೇ ಹುಡುಕುತ್ತೇನೆ ಎಂದು ಹೊರಟೆ. ಹೊಸದುರ್ಗದ ಶ್ರೀರಾಂಪುರದ ಬಳಿ ಶೇಂಗಾ ಹೊಲದ ರೈತನೊಬ್ಬ ಸಲಿಕೆ ಹಿಡಿದುಕೊಂಡೇ ಗದರಿದ.

"ಹೆಗ್ಗಣಕ್ಕೂ ಜಾತಿ ಕೇಳಾಕೆ ಬಂದೀರೇನ್ರಿ? ಕೊಲ್ಲಾಕೆ ಔಷಧಿ ಐತೇನು? ಇಲ್ಲಾಂದ್ರೆ ನಡೀರಿ."

"ನೀವೇ ಕೊಲ್ರಿ. ಸತ್ತಿದ್ದು ನನಗೆ ಕೊಡ್ರಿ."

ಮುಖ ಸಿಂಡರಿಸಿಕೊಂಡೇ ಬಿಲ ಅಗೆದು, ಸತ್ತವನ್ನು ನನ್ನ ಕಾಲ ಬುಡಕ್ಕೆ ಎಸೆದ. ಹಿರಿಯೂರು, ಹೊಳಲ್ಕೆರೆ ಕಡೆಯಿಂದಲೂ ಹೀಗೆಯೇ ಬೈಸಿಕೊಂಡು ತಂದೆ. ವಾಸನೆ ತಾಳದೆ ಕಂಡಕ್ಟರನೊಬ್ಬ ನಡುದಾರಿಯಲ್ಲೇ ನನ್ನನ್ನು ಇಳಿಸಿಯೇ ಬಿಟ್ಟ.

ಮಾಂಸದ ಚೂರುಗಳನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದೆ. ಎಲ್ಲ ಕಡೆಯವೂ ಒಂದೇ ಪ್ರಭೇದ. ಪೇಟೆಯ ಚರಂಡಿಯಲ್ಲಿ ಓಡಾಡುವ ದೊಡ್ಡ ಹೆಗ್ಗಣ ಇವಕ್ಕೆ ಹತ್ತಿರದ ದಾಯಾದಿ. ಅಟ್ಟದ ಇಲಿ ಇನ್ನೊಂದಿಷ್ಟು ದೂರದ ನಂಟು. ಹಿರಿಯೂರಿಗೆಂದೇ ಪ್ರತ್ಯೇಕ ಕವಲು ಎಲ್ಲೂ ಇರಲಿಲ್ಲ.

ಆದರೆ ಅವರು ಅಳೆದ ಬುರುಡೆಗಳೇಕೆ ಅಷ್ಟು ಚಿಕ್ಕವು? ಅದು ತಿಳಿದದ್ದು ವಿಭಾಗದ ವಿಚಾರ ಸಂಕಿರಣದಲ್ಲಿ. ನನ್ನ ಬಾಯಿ ಮುಚ್ಚಿಸಲೆಂದು ಅವರೇ ಬುರುಡೆಗಳನ್ನು ಹೊರತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. "ನೋಡ್ರಿ, ಕಣ್ಣಿದ್ದೋರಿಗೆ ಕಾಣ್ತೈತೆ," ಎಂದರು. ನಾನು ಒಂದನ್ನು ಎತ್ತಿ ತಿರುಗಿಸಿದೆ.

"ಸರ್, ಕೊನೇ ದವಡೆಹಲ್ಲು ಇನ್ನೂ ಪೂರ್ತಿ ಹುಟ್ಟೇ ಇಲ್ಲ. ಇವೆಲ್ಲ ಮರಿಗಳು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಖ್ಯಸ್ಥರು ಬುರುಡೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಯಾರು ಕೇಳಿದ್ರು ನಿನ್ನ?" ಎಂದು ಅಬ್ಬರಿಸಿದರು.

"ಯಾರೂ ಕೇಳಲಿಲ್ಲ. ಅದಕ್ಕೇ ಇದು ಇಷ್ಟು ವರ್ಷ ನಡೆಯಿತು."

ಆ ಕ್ಷಣ ನನಗೆ ಖುಷಿಯಾಯಿತು. ಮರುವಾರವೇ ಸ್ನಾತಕೋತ್ತರ ತರಗತಿಗಳನ್ನು ನನ್ನಿಂದ ಕಿತ್ತುಕೊಂಡರು. ಗುರುದ್ರೋಹಿ ಎಂದು ಕಂಡಕಂಡವರ ಮುಂದೆಲ್ಲ ಆಡಿಕೊಂಡರು. ನಾನು ಬರೆದದ್ದು ಅಚ್ಚಾಯಿತು, ಅವರ ಪ್ರಭೇದ ಪಟ್ಟಿಯಿಂದ ಬಿದ್ದುಹೋಯಿತು. ಅವರು ನಿವೃತ್ತರಾದಾಗ ಬೀಳ್ಕೊಡುಗೆಗೆ ನನ್ನನ್ನು ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ.

ಮೊನ್ನೆ ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಎದುರಾದರು. ಸೊರಗಿಹೋಗಿದ್ದರು. ನನ್ನನ್ನು ಮಾತಾಡಿಸಲಿಕ್ಕಿಲ್ಲ ಎಂದುಕೊಂಡೆ. ಆದರೆ ಹತ್ತಿರವೇ ಬಂದು ನಿಂತರು.

"ನಮ್ಮೂರ ಹೆಸರು ಅಳಿಸಿಬಿಟ್ಟೆಲ್ಲ, ಸಮಾಧಾನ ಆತೇನು?"

"ಅಂಥ ಪ್ರಭೇದವೇ ಇರಲಿಲ್ಲ, ಸರ್."

ಅವರು ಪಕ್ಕಕ್ಕೆ ಉಗಿದರು. ಅಷ್ಟರಲ್ಲಿ ಚಿತ್ರದುರ್ಗದ ಬಸ್ಸು ಬಂತು. ಇಬ್ಬರಿಗೂ ಅದೇ ಬೇಕಿತ್ತು. ಅವರು ಮುಂದೆ ಕೂತರು, ನಾನು ಹಿಂದೆ ಹೋಗಿ ಕಿಟಕಿಯತ್ತ ಮುಖ ಮಾಡಿದೆ.