ಶುಕ್ರವಾರದ ಕುರಿಗಳು

ನನ್ನ ಗಂಡ ಗದಗಿನ ಕಡೆ ಕುರಿ ಸಾಕುವ ಮನೆಯಲ್ಲಿ ಬೆಳೆದವರು. ಕುವೈತಿಗೆ ಬಂದದ್ದು ಮಾತ್ರ ಪಂಪು, ಮೋಟಾರು ರಿಪೇರಿ ಕೆಲಸಕ್ಕೆ. ಅವರಿಗೆ ಕೆಲಸ ಕೊಟ್ಟ ಕಫೀಲ್ ವಫ್ರಾದ ತನ್ನ ತೋಟದಲ್ಲಿ ಕುರಿ ಸಾಕುವ ಮನಸ್ಸು ಮಾಡಿದಾಗ ಮೊದಲು ಕೇಳಿದ್ದು ಇವರನ್ನೇ. ಇವರು ಎರಡನೇ ಮಾತಿಲ್ಲದೆ ಒಪ್ಪಿಬಿಟ್ಟರು.

ಅಲ್ಲಿಗೆ ನಮ್ಮ ಶುಕ್ರವಾರ ಹೋಯಿತು. ನಾನು ಫರ್ವಾನಿಯಾದ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವವಳು. ರಜೆ ಸಿಗುತ್ತಿದ್ದದ್ದು ಆ ಒಂದು ದಿನ. ತಡವಾಗಿ ಎದ್ದು, ಒಗ್ಗರಣೆ ಅವಲಕ್ಕಿ ತಿಂದು, ಸಂಜೆ ಇಬ್ಬರೂ ಸಮುದ್ರದ ಕಡೆ ಹೋಗುತ್ತಿದ್ದೆವು. ಈಗ ಅವರು ಬೆಳಕು ಹರಿಯುವ ಮೊದಲೇ ಹೊರಟುಬಿಡುತ್ತಿದ್ದರು. ನೆರಳಿಗೆ ತಗಡು ಹಾಕಿಸಿದರು, ತೊಟ್ಟಿಗೆ ಪೈಪು ಎಳೆದರು. ಕುರಿಗಳು ಬಂದ ಮೇಲೆ ಹೊಟ್ಟೆ ಕೆಡಬಾರದೆಂದು ಬಾರ್ಲಿಯನ್ನು ಹಿಡಿ ಹಿಡಿಯಾಗಿ ಹೆಚ್ಚಿಸುವುದನ್ನು, ಉಳಿದ ದಿನಗಳಲ್ಲಿ ಮೇವು ಹಾಕುವ ತೋಟದ ಆಳಿಗೆ ಕಲಿಸಿಕೊಟ್ಟರು.

ಊಟಕ್ಕೆ ಕೂತಾಗಲೂ ಇದೇ ಸುದ್ದಿ. ಅದನ್ನಾದರೂ ತಾಳಿಕೊಳ್ಳಬಹುದಿತ್ತು. ಆದರೆ ಉಳಿದ ಕುರಿಗಳನ್ನು ‘ಅವು’ ಎನ್ನುವವರು, ಗಬ್ಬದ ಒಂದು ಕುರಿಯನ್ನು ಮಾತ್ರ ‘ಅಕಿ’ ಎನ್ನುತ್ತಿದ್ದರು. ಅಕಿ ಇವತ್ತು ಸರಿಯಾಗಿ ತಿನ್ನಲಿಲ್ಲ, ಅಕಿಯ ಕಣ್ಣು ಸಪ್ಪಗಿದ್ದವು ಎಂದು ಚಿಂತೆ ಮಾಡುತ್ತಿದ್ದರು. ಅದೇ ವಾರ ನನಗೆ ಜ್ವರ ಬಂದು ಹೋಗಿದ್ದು ಅವರಿಗೆ ಗೊತ್ತಾಗಿರಲಿಲ್ಲ.

“ನನ್ನ ಕಣ್ಣ ಹೆಂಗದಾವು, ಒಮ್ಮೆ ನೋಡ್ರಿ,” ಎಂದೆ.

“ಕುರಿ ಜೋಡಿ ಏನ ಜಿದ್ದ ನಿಂದು?” ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಇನ್ನೊಬ್ಬ ಹೆಂಗಸಾಗಿದ್ದರೆ ಅಕ್ಕನಿಗೆ ಫೋನ್ ಮಾಡಿ ಅಳಬಹುದಿತ್ತು. ಕುರಿ ಎಂದರೆ ಅವಳೂ ನಗುತ್ತಾಳೆ.

ಮುಂದಿನ ವಾರ ಅದನ್ನು ನೋಡಲೆಂದೇ ಜೊತೆಗೆ ಹೋದೆ. ಕಂದು ಮುಖ, ದಪ್ಪ ಬಾಲ. ಅವರ ದನಿ ಕೇಳಿದ್ದೇ ತಡ, ಓಡಿ ಬಂದು ಮೊಣಕಾಲಿಗೆ ತಲೆ ತಿಕ್ಕಿತು. ಅವರು ಅದರ ಗದ್ದದ ಕೆಳಗೆ ಮೆತ್ತಗೆ ಕೆರೆಯುತ್ತ ನಿಂತರು. ಅಷ್ಟು ಹೊತ್ತು ನಿಂತು ಅವರು ನನ್ನ ತಲೆ ಸವರಿದ್ದು ಯಾವಾಗ ಎಂದು ಲೆಕ್ಕ ಹಾಕುತ್ತ, ಹೊಟ್ಟೆ ಉರಿದುಕೊಂಡು ಕಾರಿನಲ್ಲೇ ಕೂತೆ.

ಚಳಿಗಾಲದಲ್ಲಿ ಅದು ಅವಳಿ ಮರಿ ಹಾಕಿತು. ಒಂದನ್ನು ನೆಕ್ಕಿ ಹತ್ತಿರ ಸೇರಿಸಿಕೊಂಡಿತು, ಇನ್ನೊಂದನ್ನು ಒದ್ದು ದೂಡಿತು. ಇವರು ತಾಯಿಯನ್ನು ಹಿಡಿದು ನಿಲ್ಲಿಸಿ ಮೊದಲ ಹಾಲು ಕುಡಿಸಿದರು. ಬಿಟ್ಟ ಕೂಡಲೇ ಮತ್ತೆ ಒದೆತ. ಕೊನೆಗೆ ಆ ಮರಿಯನ್ನು ರಟ್ಟಿನ ಡಬ್ಬದಲ್ಲಿಟ್ಟುಕೊಂಡು ನಮ್ಮ ಫ್ಲಾಟಿಗೇ ತಂದರು. ಸ್ವಲ್ಪ ದಿನ ಕ್ಲಿನಿಕ್ಕಿಗೆ ಹೋಗುವ ಮೊದಲು, ಬಂದ ಮೇಲೆ ಬಾಟಲಿ ಹಾಲು ಕುಡಿಸು, ತೋಟದ ಆಳಿಗೆ ರಾತ್ರಿಯೆಲ್ಲ ಎದ್ದು ನೋಡಲು ಆಗುವುದಿಲ್ಲ ಎಂದರು.

“ನಿಮ್ಮ ಅಕೀ ಮಗಳನ್ನ ನಾ ಯಾಕ ಸಾಕ್ಲಿ?” ಎಂದೆ.

ಅವರು ಡಬ್ಬವನ್ನು ನನ್ನ ಮುಂದಿಟ್ಟು ಸ್ನಾನಕ್ಕೆ ಹೋದರು. ಮರಿ ನಡುಗುತ್ತಿತ್ತು. ಹಳೆಯ ಶಾಲು ಹೊದಿಸಲು ಬಗ್ಗಿದರೆ ನನ್ನ ಬೆರಳು ಚೀಪತೊಡಗಿತು. ಎದ್ದು ಹಾಲು ಕಾಯಿಸಿದೆ.

ಕಾಲು ಗಟ್ಟಿಯಾದ ಮೇಲೆ, ಬಾಟಲಿ ಹಾಲಿನ ಕೆಲಸವನ್ನು ಆಳಿಗೆ ಒಪ್ಪಿಸಿ ಅದನ್ನು ತೋಟಕ್ಕೆ ಬಿಟ್ಟು ಬಂದೆವು. ನಂತರದ ಶುಕ್ರವಾರ ನಾನು ಬಾಟಲಿ ಹಿಡಿದು ಇಳಿದಾಗ ಇವರು ಮುಂದೆ ಹೋಗಿ, ಕುಕ್ಕರಗಾಲಲ್ಲಿ ಕೂತು ಕೈ ಚಾಚಿ ಕರೆದರು. ಮರಿ ಅವರ ಪಕ್ಕದಿಂದಲೇ ಹಾರಿ ನನ್ನ ಹತ್ತಿರ ಬಂತು. ಇನ್ನೊಮ್ಮೆ ಕರೆದರು. ಅದು ತಿರುಗಿಯೂ ನೋಡಲಿಲ್ಲ.

“ಏನ ಮಾಟ ಮಾಡಿಟ್ಟೀದಿ ಇದಕ್ಕ?” ಎಂದರು. ಮುಖ ಸಣ್ಣದಾಗಿತ್ತು. ಆ ಮುಖ ನೋಡಿ ನನಗಾದ ಖುಷಿಯನ್ನು ಹೇಗೆ ಹೇಳಲಿ!

ಸ್ವಲ್ಪ ಹೊತ್ತು ಬಿಟ್ಟು, ಬಾಟಲಿ ಇತ್ತ ಕೊಡು, ನಾನು ಕುಡಿಸುತ್ತೇನೆ ಎಂದು ಕೈ ಚಾಚಿದರು. ಮುಂದಿನ ವಾರ ನೋಡೋಣ ಎಂದು ಪೂರ್ತಿ ಹಾಲನ್ನು ನಾನೇ ಕುಡಿಸಿದೆ. ಅವರು ಬೇಲಿ ಹಿಡಿದು ನೋಡುತ್ತ ನಿಂತಿದ್ದರು.