ಚಂದ್ರಿ ಹಿಡಿದ ಮುಂಗುಸಿ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷದ ಮಾತು. ಪುಣೆಯ ಖಡಕಿಯಲ್ಲಿ ನಾನು ಸಾಕುಪ್ರಾಣಿಗಳ ಕ್ಲಿನಿಕ್ ತೆರೆದು ಅಷ್ಟೊತ್ತಿಗೆ ಇಪ್ಪತ್ತು ವರ್ಷ ದಾಟಿತ್ತು. ವಿಜಯಪುರದಲ್ಲಿ ಹುಟ್ಟಿ, ಬೀದರಿನಲ್ಲಿ ಪಶುವೈದ್ಯಕೀಯ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಹೊರಗಿನ ಬೋರ್ಡು ಮರಾಠಿಯಲ್ಲಿದ್ದರೂ ಒಳಗೆ ಅರ್ಧಕ್ಕರ್ಧ ಮಾತು ಕನ್ನಡದಲ್ಲೇ ನಡೆಯುತ್ತಿತ್ತು. ಕಲಬುರಗಿ, ಬೀದರ ಕಡೆಯಿಂದ ಕೆಲಸಕ್ಕೆಂದು ಬಂದು ಇಲ್ಲೇ ಬೇರೂರಿದ ಕುಟುಂಬಗಳು ನನ್ನನ್ನು ಡಾಕ್ಟರ್ ಅಕ್ಕಾರ ಎಂದೇ ಕರೆಯುತ್ತಿದ್ದವು.

ಕ್ಯಾಂಟೋನ್ಮೆಂಟ್ ಪ್ರದೇಶವೆಂದರೆ ಹಳೆಯ ಮರಗಳು, ಉದ್ದುದ್ದ ಕಾಂಪೌಂಡುಗಳು, ಪೊದೆ ಬೆಳೆದ ನಾಲೆಗಳು. ಊರೆಲ್ಲ ಸಿಮೆಂಟಾದರೂ ಇಲ್ಲಿ ಮುಂಗುಸಿ, ಹೆಗ್ಗಣ, ಉಡಗಳಿಗೆ ಇನ್ನೂ ಜಾಗವಿದೆ. ಹಾಗಾಗಿ ನನ್ನ ಬಳಿ ಬರುವ ನಾಯಿಗಳ ಪೈಕಿ ಒಂದಷ್ಟು ಬೇಟೆಯ ಗಾಯದವು. ಹೆಗ್ಗಣ ಹಿಡಿದ ನಾಯಿಗೆ ಇಲಿಜ್ವರ ಬರಬಹುದು, ಪೊದೆಗೆ ನುಗ್ಗಿದ್ದಕ್ಕೆ ಉಣ್ಣಿ ಕಚ್ಚಿ ರಕ್ತದ ಕಾಯಿಲೆ ಬರಬಹುದು. ನಮ್ಮ ನಾಯಿಗಳಿಂದ ಕಾಡುಪ್ರಾಣಿಗಳಿಗೆ ರೋಗ ದಾಟುವುದೂ ಉಂಟು, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲಕ್ಕಿಂತ ಭಯದ್ದು ರೇಬೀಸ್. ಹುಚ್ಚುನಾಯಿ ರೋಗ ಎಂಬ ಹೆಸರು ಬಿದ್ದಿದ್ದರಿಂದ ಅದು ನಾಯಿಗೆ ಮಾತ್ರ ಸೇರಿದ್ದೆಂದು ಜನ ತಿಳಿದಿದ್ದಾರೆ. ಮುಂಗುಸಿಗೂ ಅದು ಬರುತ್ತದೆ.

ಗುರುಪಾದಪ್ಪನವರು ಆಳಂದದ ಕಡೆಯವರು, ಕಾರ್ಖಾನೆಯೊಂದರಲ್ಲಿ ಫಿಟರ್. ಹೆಂಡತಿ ಮಹಾದೇವಿಯೊಂದಿಗೆ ನಾಲೆಯ ಪಕ್ಕದ ಒಂದಂತಸ್ತಿನ ಬೈಠಾ ಮನೆಯಲ್ಲಿದ್ದರು. ಒಬ್ಬಳೇ ಮಗಳು ಸವಿತಾ ಮದುವೆಯಾಗಿ ನಿಗಡಿಯಲ್ಲಿದ್ದಳು. ಮಗಳು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಚಂದ್ರಿ, ಗೋದಿ ಬಣ್ಣದ ಮುಧೋಳ ಹೆಣ್ಣುನಾಯಿ. ನೆಂಟರ ಊರಿನಿಂದ ಅಂಗೈಯಗಲದ ಮರಿಯನ್ನು ರೈಲಿನಲ್ಲಿ ಶಾಲಿನೊಳಗೆ ಸುತ್ತಿಕೊಂಡು ತಂದಿದ್ದ ಕಥೆಯನ್ನು ಗುರುಪಾದಪ್ಪ ನನಗೆ ಎಷ್ಟು ಸಲ ಹೇಳಿದ್ದರೋ. ಮುಧೋಳ ನಾಯಿ ಮೂಸಿ ಹುಡುಕುವ ಜಾತಿಯದ್ದಲ್ಲ, ಕಣ್ಣಿನಿಂದ ಬೇಟೆಯಾಡುವಂಥದ್ದು. ದೂರದಲ್ಲಿ ಏನಾದರೂ ಕದಲಿತೋ ಮುಗಿಯಿತು, ಯಜಮಾನನ ಕೂಗು ಅದರ ಕಿವಿಗೆ ಬೀಳುವುದೇ ಇಲ್ಲ. ಅದು ಹಟವಲ್ಲ, ಹುಟ್ಟುಗುಣ.

ಒಂದು ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಚಂದ್ರಿಯನ್ನು ಕರೆತಂದರು. ಮೇಲ್ದುಟಿ ಊದಿತ್ತು, ಮೈ ಬಿಸಿಯಿತ್ತು. ಕೂದಲು ಸರಿಸಿ ನೋಡಿದರೆ ಎರಡು ಸಣ್ಣ ತೂತು.

"ಏನಾತ್ರಿ ಇದಕ್ಕ?" ಎಂದೆ.

ಗುರುಪಾದಪ್ಪ ಹೆಂಡತಿಯ ಮುಖ ನೋಡಿದರು. "ತಂತಿ ಬೇಲಿಗಿ ತಾಗ್ಯಾದ್ರಿ ಅಕ್ಕಾರ."

ಖಡಕಿಯಲ್ಲಿ ಮುಳ್ಳುತಂತಿಗೆ ಬರವಿಲ್ಲ. ಅದರ ಗಾಯವೂ ಹೀಗೇ ಇರುತ್ತದೆ. "ಯಾವುದಾರ ಪ್ರಾಣಿ ಕಚ್ಚಿಲ್ಲಲ್ರಿ?" ಎಂದು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೇ ಇಲ್ಲವೆಂದರು. ಗಾಯ ತೊಳೆದು ಆಂಟಿಬಯಾಟಿಕ್ ಕೊಟ್ಟೆ. ಲಾಕ್‌ಡೌನಿನಲ್ಲಿ ತಪ್ಪಿದ ರೇಬೀಸ್ ಲಸಿಕೆಯನ್ನು ಅವರು ಆಮೇಲೂ ಹಾಕಿಸಿರಲಿಲ್ಲ. ಜ್ವರವಿರುವ ನಾಯಿಗೆ ಮಾಮೂಲಿ ಲಸಿಕೆ ಚುಚ್ಚುವುದಿಲ್ಲ, ಜ್ವರ ಇಳಿಯಲಿ ಎಂದು ಕಾಯುತ್ತೇವೆ. ಆದರೆ ಕಾಡುಪ್ರಾಣಿ ಕಚ್ಚಿದೆಯೆಂದರೆ ಒಂದು ಗಂಟೆಯೂ ಕಾಯುವುದಿಲ್ಲ. ಸೋಪಿನಿಂದ ತೊಳೆದು ಅಲ್ಲೇ ಲಸಿಕೆ ಶುರು ಮಾಡುತ್ತೇವೆ. ಚಂದ್ರಿಯ ಜೀವ ಆ ಒಂದು ಮಾತಿನ ಮೇಲೆ ನಿಂತಿತ್ತೆಂಬುದು ಅವರಿಗೆ ಗೊತ್ತಿರಲಿಲ್ಲ. ಮುಂದಿನ ವಾರ ಕರೆತನ್ನಿ ಎಂದು ಕಳಿಸಿದೆ. ಮುಂದಿನ ವಾರ ಬಸುರಿ ಸವಿತಾಳ ಕುಬಸ, ಅಂದರೆ ಸೀಮಂತ, ಮನೆ ತುಂಬ ನೆಂಟರು. ಅವರು ಬರಲಿಲ್ಲ. ಫೋನ್ ಮಾಡಿಸಿದರೆ "ನಾಯಿ ಆರಾಮ ಅದ, ಕಾರ್ಯ ಮುಗಿಸಿ ಬರ್ತೀವ್ರಿ" ಎಂಬ ಉತ್ತರ ಬಂತು.

ಒಂದೂವರೆ ತಿಂಗಳ ನಂತರ ಗುರುಪಾದಪ್ಪ ಚಂದ್ರಿಯನ್ನು ಹೊತ್ತುಕೊಂಡೇ ಬಂದರು, ಹಿಂದೆ ಮಹಾದೇವಿ. ಕೆಳದವಡೆ ಜೋತುಬಿದ್ದಿತ್ತು. ಬಾಯಿಂದ ಜೊಲ್ಲು ದಾರವಾಗಿ ಇಳಿಯುತ್ತಿತ್ತು. ಬೊಗಳುವುದಿಲ್ಲ, ಕಚ್ಚಲು ಬರುವುದಿಲ್ಲ, ಸುಮ್ಮನೆ ಬೆಳಕಿಗೆ ಬೆನ್ನು ಮಾಡಿ ನಿಂತಿತ್ತು.

"ಗಂಟಲದಾಗ ಎಲುಬು ಸಿಕ್ಕದ್ರಿ. ಎರಡು ದಿನಾತು, ನೀರೂ ನುಂಗವಲ್ಲದು. ಇಕಿ ಕೈ ಹಾಕಿ ಹುಡುಕಿದಳು, ಸಿಗಲಿಲ್ಲ. ನೀವ್ ಸ್ವಲ್ಪ ತೆಗೀರಿ."

ಎಲುಬು ಸಿಕ್ಕ ನಾಯಿ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ, ಒದ್ದಾಡುತ್ತದೆ. ಇದು ಒದ್ದಾಡುತ್ತಿರಲಿಲ್ಲ. ನನಗೆ ಅನುಮಾನ ಬಂದಿತ್ತು, ಆದರೂ ಕನ್ನಡಕ ಏರಿಸಿ, ಕೈಗೆ ಎರಡೆರಡು ಗ್ಲೌಸ್ ತೊಟ್ಟು ಟಾರ್ಚ್ ಹಿಡಿದು ಬಗ್ಗಿದೆ. ಆಗ ಬಾಗಿಲ ಬಳಿ ನಿಂತಿದ್ದ ಮಹಾದೇವಿ ಬಂದು ನನ್ನ ತೋಳು ಹಿಡಿದುಕೊಂಡರು.

"ಕೈ ಹಚ್ಚಬ್ಯಾಡ್ರಿ ಅಕ್ಕಾರ. ಅದು ಎಲುಬಲ್ಲ, ಮುಂಗಲಿ ಶಾಪ. ನಿಮಗೂ ತಾಗತದ."

"ಯಾವ ಮುಂಗಲಿ?"

ಹೇಳಿದ್ದು ಮಹಾದೇವಿಯೇ.

ಮುಂಗಲಿ ಎಂದರೆ ಮುಂಗುಸಿ. ನಮ್ಮ ಕಡೆ, ಹಾಗೆಯೇ ಈ ಮರಾಠಿ ಸೀಮೆಯಲ್ಲೂ, ಮುಂಗುಸಿಯ ಮುಖ ಕಂಡರೆ ಶುಭ. ಮಗಳ ಕುಬಸಕ್ಕೆ ವಾರವಿರುವಾಗ ಹಾಡಹಗಲಲ್ಲಿ ಒಂದು ಮುಂಗುಸಿ ಅವರ ಅಂಗಳಕ್ಕೆ ಬಂದಿತ್ತು. ಮನುಷ್ಯರನ್ನು ಕಂಡರೆ ಓಡುವ ಪ್ರಾಣಿ, ಅಂದು ಓಡಲಿಲ್ಲ. ತೂರಾಡುತ್ತ ತುಳಸಿಕಟ್ಟೆಯ ಹತ್ತಿರ ಬಂದು ನಿಂತಿತು. ಮಹಾದೇವಿಗೆ ಮೈಯೆಲ್ಲ ರೋಮಾಂಚನ. ಹುಟ್ಟುವ ಕೂಸನ್ನು ಹರಸಲು ಬಂದಿದೆ ಎಂದು ಕೈಮುಗಿದು, ಅರಿಶಿನ ಕುಂಕುಮ ತರಲು ಒಳಗೆ ಹೋದರು. ಅಷ್ಟರಲ್ಲಿ ಚಂದ್ರಿ ಕಟ್ಟಿದ್ದ ಸರಪಳಿಯನ್ನು ಕೊರಳಪಟ್ಟಿ ಸಮೇತ ಕಳಚಿಕೊಂಡು ಹಾರಿತ್ತು. ಕುಂಕುಮದ ಬಟ್ಟಲು ಹಿಡಿದು ಹೊರಬಂದವರ ಕಣ್ಣೆದುರಿಗೇ ಮುಂಗುಸಿಯ ಕತ್ತು ಹಿಡಿದು ಜಾಡಿಸಿ ಕೆಡವಿತು. ಸಾಯುವ ಮೊದಲು ಮುಂಗುಸಿ ಒಮ್ಮೆ ಅದರ ತುಟಿ ಕಚ್ಚಿತು.

ಗರ್ಭಿಣಿಯ ಕಾರ್ಯವಿರುವ ಮನೆಯಲ್ಲಿ ಶಕುನದ ಪ್ರಾಣಿಯ ಕೊಲೆ. ಗಂಡ ಹೆಂಡತಿ ಅದನ್ನು ತುಳಸಿಕಟ್ಟೆಯ ಹಿಂದೆ ಅರಿಶಿನ ಹಚ್ಚಿ ಹೂತರು. ಮಗಳ ಕಿವಿಗೆ ಬೀಳಬಾರದು, ಬೀಗರ ಕಿವಿಗಂತೂ ಬೀಳಲೇಬಾರದು ಎಂದು ಮಾತಾಡಿಕೊಂಡರು. ಬಾಯಿಂದ ಬಾಯಿಗೆ ಹೋಗುತ್ತದೆಂಬ ಹೆದರಿಕೆಯಿಂದ ನನಗೂ ಹೇಳಲಿಲ್ಲ. ಕಾಡುಪ್ರಾಣಿ ಹೆದರಿಕೆ ಬಿಟ್ಟು ಮನುಷ್ಯನ ಬಳಿ ಬಂದಿತೆಂದರೆ ಮೊದಲು ಅನುಮಾನಿಸಬೇಕಾದದ್ದು ರೇಬೀಸನ್ನೇ. ಅವರು ಕೈಮುಗಿದದ್ದು ಆ ರೋಗದ ಲಕ್ಷಣಕ್ಕೆ.

"ಮಾದೇವಕ್ಕ, ಶಾಪ ಅಲ್ಲ ಇದು, ರೋಗ. ಮೊದಲ ಕೈ ತೊಳೀರಿ," ಎಂದು ಅವರನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಸೋಪು ಕೊಟ್ಟೆ. ಬೆರಳ ಸಂದಿಯಲ್ಲಿ ಚಂದ್ರಿಯ ಹಲ್ಲು ತರಚಿದ ಗುರುತಿತ್ತು. ಕಾಲು ಗಂಟೆ ತೊಳೆಸಿದೆ. "ಮತ್ಯಾರು ಮುಟ್ಟ್ಯಾರ ಇದನ್ನ?"

ಅವರ ಕೈ ನಲ್ಲಿಯ ಕೆಳಗೇ ನಿಂತಿತು. "ಸವಿತಾ. ಕುಬಸ ಆದಾಗಿಂದ ಇಲ್ಲೇ ಅದಾಳ್ರಿ. ದಿನಾ ಆಕಿ ಕೈಯಾಗಿಂದ ತಿನಸ್ತಾಳ. ಮೊನ್ನೆ ಈಳಿಗಿ ತಾಗಿದ ಬೆರಳ ನೆಕ್ಕ್ಯಾದ."

ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರುತ್ತದೆ. ಗಾಯದ ಮೇಲೆ ಜೊಲ್ಲು ಬಿದ್ದರೆ ಕಚ್ಚಿದಂತೆಯೇ ಲೆಕ್ಕ. ಒಮ್ಮೆ ಮನುಷ್ಯನಲ್ಲಿ ರೋಗ ಕಾಣಿಸಿಕೊಂಡರೆ ಉಳಿಸುವ ಮದ್ದಿಲ್ಲ ಎಂದೇ ಹೇಳಬೇಕು. ಕಾಣಿಸಿಕೊಳ್ಳುವ ಮೊದಲು ಲಸಿಕೆ ಬಿದ್ದರೆ ಹೆದರಬೇಕಿಲ್ಲ, ಗರ್ಭಿಣಿಗೂ ಅದು ಸುರಕ್ಷಿತ. ಇಷ್ಟನ್ನೂ ಮಗಳಿಗೆ ಹೇಳಲೇಬೇಕಿತ್ತು. "ಆಕಿಗಿ ಹೆಂಗ ಹೇಳೂದ್ರಿ?" ಎಂದು ಮಹಾದೇವಿ ಅಳತೊಡಗಿದರು. ನಾನೇ ಫೋನ್ ಮಾಡಿ, ಮುಂಗುಸಿಯ ಕಥೆಯಿಂದ ಹಿಡಿದು ಎಲ್ಲ ಹೇಳಿದೆ.

ಸವಿತಾ ಪೂರ್ತಿ ಕೇಳಿಸಿಕೊಂಡಳು. "ಆಂಟಿ, ಬೇಬಿಗೆ ಏನೂ ಆಗೂದಿಲ್ಲಲ್ಲ?"

"ಇವತ್ತೇ ದವಾಖಾನಿಗೆ ಹೋದ್ರ ಏನೂ ಆಗೂದಿಲ್ಲವಾ."

"ಮುಂಗೂಸ್ ಸತ್ತರ ನಾ ಯಾಕ ಹೆದರ್ತಿದ್ದೆ ಆಂಟಿ? ಅಪ್ಪ ಒಂದ್ ಮಾತು ಹೇಳಿದ್ರ ನಾನೇ ಚಂದ್ರಿನ್ನ ಕರಕೊಂಡ್ ಬರ್ತಿದ್ದೆ."

ಫೋನ್ ಸ್ಪೀಕರಿನಲ್ಲಿತ್ತು. ಗುರುಪಾದಪ್ಪ ಕೇಳಿಸಿಕೊಂಡರು. ಯಾರಿಗಾಗಿ ಬಾಯಿ ಕಟ್ಟಿಕೊಂಡಿದ್ದರೋ ಅವಳಿಗೆ ಆ ಶಕುನದ ಹಂಗೇ ಇರಲಿಲ್ಲ.

ತಾಯಿ, ಮಗಳು, ಗುರುಪಾದಪ್ಪ ಮೂವರೂ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿದರು. ಮಹಾದೇವಿಗೆ ಮತ್ತು ಸವಿತಾಳಿಗೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್, ಅಂದರೆ ಲಸಿಕೆ ಕೆಲಸ ಶುರು ಮಾಡುವವರೆಗೆ ಕಾಪಾಡುವ ಸಿದ್ಧ ಪ್ರತಿಕಾಯವನ್ನೂ ಕೊಟ್ಟರು. ಒಂದು ಡೋಸನ್ನೂ ತಪ್ಪಿಸಲಿಲ್ಲ. ಚಂದ್ರಿಯನ್ನು ಹಿಂದಿನ ಕೋಣೆಯಲ್ಲಿ ಒಂಟಿಯಾಗಿ ಇರಿಸಿದೆ. ಮರುದಿನ ಹಿಂಗಾಲಿನ ಬಲ ಹೋಯಿತು. ಕಿಟಕಿಯಾಚೆಯಿಂದ ಗುರುಪಾದಪ್ಪ ಹೆಸರು ಹಿಡಿದು ಕರೆದಾಗ ಬಾಲದ ತುದಿಯಷ್ಟೇ ಅಲ್ಲಾಡಿತು. ಅವರು ಒಳಗೆ ಬಿಡಿರೆಂದು ಕೇಳಿದರು, ಬಿಡಲಿಲ್ಲ. ಮೊದಲು ನಿದ್ದೆಯ ಮದ್ದು, ಆಮೇಲೆ ಕೊನೆಯ ಇಂಜೆಕ್ಷನ್ ನಾನೇ ಕೊಟ್ಟೆ. ಮಿದುಳಿನ ಮಾದರಿಯ ಪರೀಕ್ಷೆಯಲ್ಲಿ ರೇಬೀಸ್ ಖಚಿತವಾಯಿತು. ಸಾವಿರಾರು ನಾಯಿಗಳಿಗೆ ಚಿಕಿತ್ಸೆ ಮಾಡಿದವಳು, ಅಂದು ಮನೆಗೆ ಹೋಗಿ ಅತ್ತೆ. ಚಂದ್ರಿ ತನ್ನ ಜಾತಿಗೆ ತಕ್ಕಂತೆ ನಡೆದಿತ್ತು, ಬೇರೇನೂ ಮಾಡಿರಲಿಲ್ಲ.

ಸವಿತಾಳಿಗೆ ಗಂಡು ಮಗುವಾಯಿತು. ಗುರುಪಾದಪ್ಪ ಪೇಡೆ ಹಿಡಿದು ಬಂದರು. ಪೇಡೆ ಕೊಟ್ಟಮೇಲೂ ಕುರ್ಚಿ ಬಿಟ್ಟು ಏಳಲಿಲ್ಲ.

"ಅಕ್ಕಾರ, ಅವತ್ತೇ ಮುಂಗಲಿ ಅಂತ ಹೇಳಿದ್ದರ ಚಂದ್ರಿ ಉಳೀತಿತ್ತೇನ್ರಿ?"

ಬಹುಮಟ್ಟಿಗೆ ಉಳಿಯುತ್ತಿತ್ತು. ಮೊದಲು ಕೆಲವು ವರ್ಷ ಲಸಿಕೆ ಬಿದ್ದಿದ್ದ ನಾಯಿ ಅದು, ಅಂದೇ ಇನ್ನೊಂದು ಡೋಸ್ ಬಿದ್ದಿದ್ದರೆ ಸಾಕಿತ್ತು. ಅದು ನನಗೆ ಗೊತ್ತಿತ್ತು. "ಹೇಳಾಕ ಬರೂದಿಲ್ರಿ," ಎಂದೆ. ಅವರು ಒಪ್ಪಿಕೊಂಡವರಂತೆ ತಲೆಯಾಡಿಸಿ ಹೋದರು. ಇನ್ನೊಬ್ಬರ ಮನಸ್ಸು ನೋಯದಿರಲೆಂದು ಸತ್ಯ ಮುಚ್ಚುವುದು ಎಷ್ಟು ಸಲೀಸು ಎಂದು ನನಗೆ ತಿಳಿದದ್ದು ಆಗ.

ಅದಾದ ಮೇಲೆ ಕ್ಲಿನಿಕ್ಕಿಗೆ ಗಾಯದ ನಾಯಿ ಬಂದರೆ ಏನಾಯಿತು ಎಂದು ನಾನು ಕೇಳುವುದಿಲ್ಲ. ಉಳಿದವರನ್ನು ಹೊರಗೆ ಕೂರಿಸಿ, ಬಾಗಿಲು ಮುಂದಕ್ಕೆ ಮಾಡಿ, ಮೊದಲು ನಾನೇ ಮಾತು ಆಡುತ್ತೇನೆ. "ಹಿಡಿಯೂದು ನಾಯಿ ಗುಣ, ಅದರಾಗ ಪಾಪ ಇಲ್ಲ. ಈಗ ಹೇಳ್ರಿ, ಏನು ಹಿಡೀತು?"